ಪಾಲೆಸ್ತ್ರೀನಾ ಕೂಡ ಸಂಬಳ ಕೇಳಿದ್ದ

ನಮ್ಮ ಧರ್ಮಕೇಂದ್ರಗಳ ಗುರುಗಳಿಗೆ, ಪಾಲನಾ ಸಮಿತಿಗಳ ಸದಸ್ಯರಿಗೆ, ಮುಖ್ಯವಾಗಿ ಖಜಾಂಚಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಈಸ್ಟರ್ ದಿನ ಇಂಗ್ಲಿಷ್ ಪೂಜೆಗೆ ಹೋದವರಿಗೆ ‘ದಿ ಸ್ಟ್ರೈಫ್ ಈಸ್ ಓವರ್’ ಹಾಡು ಗೊತ್ತಿರುತ್ತದೆ. ಮೂರು ಸಲ ಅಲ್ಲೆಲೂಯ ಅಂತ ಶುರುವಾಗುತ್ತದಲ್ಲ, ಅದೇ. ಎಷ್ಟು ಸಲೀಸಾದ ರಾಗ ಅಂದರೆ, ವರ್ಷಕ್ಕೊಮ್ಮೆ ಚರ್ಚಿಗೆ ಬರುವವರೂ ಎರಡನೇ ಚರಣದ ಹೊತ್ತಿಗೆ ದನಿಗೂಡಿಸುತ್ತಾರೆ. ಆ ರಾಗ ಹದಿನಾರನೇ ಶತಮಾನದ ಇಟಲಿಯ ಸಂಗೀತಗಾರ ಪಾಲೆಸ್ತ್ರೀನಾನದ್ದು. 1591ರಲ್ಲಿ ರೋಮಿನಲ್ಲಿ ಆತ ಅಚ್ಚು ಹಾಕಿಸಿದ ಮ್ಯಾಗ್ನಿಫಿಕಾಟ್‌ಗಳ, ಅಂದರೆ ಮರಿಯಮ್ಮನ ಸ್ತುತಿಗೀತೆಗಳ ಪುಸ್ತಕದಲ್ಲಿ ‘ಪಿತನಿಗೆ ಮಹಿಮೆ’ ಅನ್ನುವ ಸಾಲಿಗೆ ಅದು ಇತ್ತು. 1861ರಲ್ಲಿ ಇಂಗ್ಲೆಂಡಿನ ವಿಲಿಯಂ ಹೆನ್ರಿ ಮಾಂಕ್ ಅದನ್ನು ಅಲ್ಲಿಂದ ಎತ್ತಿ, ಅಲ್ಲೆಲೂಯಗಳನ್ನು ತಾನೇ ಸೇರಿಸಿ, ಈಸ್ಟರ್ ಹಾಡಿಗೆ ಹೊಂದಿಸಿದ. ನಾವು ಹೆಸರು ಗೊತ್ತಿಲ್ಲದೆ ಹಾಡುತ್ತಾ ಬಂದಿದ್ದೇವೆ.

2025ಕ್ಕೆ ಆತ ಹುಟ್ಟಿ 500 ವರ್ಷ. ವ್ಯಾಟಿಕನ್ ಅಂಚೆಚೀಟಿ ತಂದಿತು. ಪೋಪ್ 14ನೇ ಲಿಯೋ ಅವನ ಬಗ್ಗೆ ಮಾತಾಡಿದರು. ನಾನು ಹಾಡುವ ಚರ್ಚಿನಲ್ಲೂ ಒಂದು ಸಂಜೆ ನಾಲ್ಕು ಮಾತು ಆಯಿತು. ಊರು, ಚರ್ಚಿನ ಹೆಸರು ಬೇಡ ಬಿಡಿ. ಹಬ್ಬದ ಲೆಕ್ಕಪತ್ರದ ಸಭೆ ಅದು. ಶುರುವಿನಲ್ಲಿ ಒಬ್ಬರು ಎದ್ದು ನಿಂತು ಪಾಲೆಸ್ತ್ರೀನಾ ಬಗ್ಗೆ ಹೇಳಿದರು: ಸಂತನಂಥ ಮನುಷ್ಯ, ಬಡತನದಲ್ಲೇ ಬದುಕಿದ, ದೇವರಿಗಾಗಿ ಹಾಡು ಬರೆದ, ಪ್ರತಿಫಲ ಬಯಸಲಿಲ್ಲ. ಚಪ್ಪಾಳೆ ಬಿತ್ತು. ಆಮೇಲೆ ಖರ್ಚಿನ ಪಟ್ಟಿ ಓದಿದರು. ಶಾಮಿಯಾನ, ಸೀರಿಯಲ್ ಲೈಟು, ಹೂವು, ಊಟ, ಸೌಂಡ್ ಸಿಸ್ಟಂ, ಜನರೇಟರ್ ಡೀಸೆಲ್ ಎಲ್ಲ ಬಂತು. ಕ್ವಾಯರ್, ಅಂದರೆ ನಮ್ಮ ಹಾಡುವ ತಂಡದ ಹೆಸರಿನ ಮುಂದೆ ‘ಟೀ, ಬಿಸ್ಕತ್ತು’ ಅಂತ ಇತ್ತು.

ನಮಗೆ ಹಾಡು ಕಲಿಸುವ ಮೇಷ್ಟ್ರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ವಾರಕ್ಕೆ ಮೂರು ಸಂಜೆ ಬಸ್ಸಿನಲ್ಲಿ ಬರುತ್ತಾರೆ. ಒಂದು ಚೀಟಿಯಲ್ಲಿ ಬಸ್ ಚಾರ್ಜು, ಜೆರಾಕ್ಸ್ ಖರ್ಚು, ಹಾರ್ಮೋನಿಯಂ ರಿಪೇರಿ ಬರೆದುಕೊಂಡು ಬಂದಿದ್ದರು. ಕೊನೆಗೆ, ತಿಂಗಳಿಗೆ ಏನಾದರೂ ಒಂದು ಗೌರವಧನ ಕೊಟ್ಟರೆ ಅನುಕೂಲ ಅಂತ. ಅದನ್ನು ಓದಿ ಮುಗಿಸುವುದರೊಳಗೆ ಒಬ್ಬರು ‘ಏನ್ ಸರ್, ದೇವರ ಕೆಲಸಕ್ಕೂ ಬಿಲ್ಲಾ?’ ಅಂದರು. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಚೀಟಿ ಮಡಚಿ ಹಾಡಿನ ಪುಸ್ತಕದಲ್ಲಿ ಇಟ್ಟುಕೊಂಡರು.

ಅವತ್ತು ನಾನು ಸುಮ್ನಿದ್ದೆ. ಈಗ ಬರೆಯುತ್ತಿದ್ದೇನೆ. ಸಭೆಯಲ್ಲಿ ಪಾಲೆಸ್ತ್ರೀನಾ ಬಗ್ಗೆ ಹೇಳಿದ ಮಾತು ಸುಳ್ಳು ಅನ್ನುವುದು ಒಂದು ಕಾರಣ. ಆ ಸುಳ್ಳನ್ನು ನಂಬಿಕೊಂಡೇ ನಾವು ಆ ಚೀಟಿಗೆ ನಕ್ಕಿದ್ದು ಅನ್ನುವುದು ಇನ್ನೊಂದು.

ಮೊದಲು ಹೆಸರು. ಜೊವಾನ್ನಿ ಪಿಯೆರ್ಲುಯಿಜಿ ಅವನ ಹೆಸರು. ಪಾಲೆಸ್ತ್ರೀನಾ ಊರು, ರೋಮಿನ ಪೂರ್ವಕ್ಕೆ ಗುಡ್ಡದ ಮೇಲಿದೆ. ಗಂಗೂಬಾಯಿ ಅವರಿಗೆ ಹಾನಗಲ್ ಅಂಟಿಕೊಂಡ ಹಾಗೆ ಇವನಿಗೆ ಊರ ಹೆಸರು ಅಂಟಿಕೊಂಡಿತು. ಅವನ ಹೆಸರು ಮೊದಲು ಸಿಗುವುದೇ ಒಂದು ಆಸ್ತಿಪತ್ರದಲ್ಲಿ. 1527ರಲ್ಲಿ ಅಜ್ಜಿ ಯಾಕೊಬೆಲ್ಲಾ ಉಯಿಲು ಬರೆಸುತ್ತಾಳೆ. ಪುಟ್ಟ ಮೊಮ್ಮಗನಿಗೆ ಒಂದು ಹಾಸಿಗೆ, ಸ್ವಲ್ಪ ಅಡುಗೆ ಪಾತ್ರೆ ಬಿಡುತ್ತಾಳೆ. ನನಗೆ ಈ ಅಜ್ಜಿ ತುಂಬಾ ಇಷ್ಟ. ಎಲ್ಲ ಮನೆಯಲ್ಲೂ ಇಂಥವಳೊಬ್ಬಳು ಇರುತ್ತಾಳೆ, ಅಲ್ವಾ?

ಹುಡುಗ ರೋಮಿಗೆ ಹೋಗಿ ಸಾಂತಾ ಮರಿಯಾ ಮಜ್ಜೋರೆ ಚರ್ಚಿನಲ್ಲಿ ಹಾಡುವ ಹುಡುಗರ ಜೊತೆ ಸೇರಿದ. 1544ರಲ್ಲಿ ತನ್ನೂರಿನ ದೊಡ್ಡ ಚರ್ಚಿಗೇ ಆರ್ಗನ್ ನುಡಿಸುವವನಾಗಿ ವಾಪಸ್ ಬಂದ. ಆಗ ಮಾಡಿಕೊಂಡ ಕರಾರು ಉಳಿದಿದೆ. ಹಬ್ಬಗಳಲ್ಲಿ ಆರ್ಗನ್ ನುಡಿಸಬೇಕು, ದಿನದ ಪೂಜೆ, ಸಂಜೆಯ ಪ್ರಾರ್ಥನೆಗಳಲ್ಲಿ ಹಾಡಬೇಕು, ಹುಡುಗರಿಗೂ ಅಲ್ಲಿನ ಪಾದ್ರಿಗಳಿಗೂ ಸಂಗೀತ ಕಲಿಸಬೇಕು. ಅದಕ್ಕೆ ಪ್ರತಿಯಾಗಿ ಒಬ್ಬ ಪಾದ್ರಿಗೆ ಸಿಗುವಷ್ಟೇ ಉತ್ಪತ್ತಿ ಅವನಿಗೂ ಸಿಗಬೇಕು. ಇಪ್ಪತ್ತು ವರ್ಷವೂ ತುಂಬದ ಹುಡುಗ. 1547ರಲ್ಲಿ ಅದೇ ಊರಿನ ಲುಕ್ರೇಜಿಯಾ ಗೋರಿಯನ್ನು ಮದುವೆಯಾದ. ಈ ಮದುವೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಅವನ ಅದೃಷ್ಟಕ್ಕೆ, ಆ ಊರಿನ ಧರ್ಮಾಧ್ಯಕ್ಷರಾಗಿದ್ದವರೇ ಪೋಪ್ 3ನೇ ಜೂಲಿಯಸ್ ಆದರು. 1551ರಲ್ಲಿ ಹುಡುಗನನ್ನು ರೋಮಿಗೆ ಕರೆಸಿ ಸಂತ ಪೇತ್ರರ ಮಹಾದೇವಾಲಯದ ಕ್ವಾಯರಿಗೆ ಹಾಕಿದರು. ಕಾಪ್ಪೆಲ್ಲಾ ಜೂಲಿಯಾ ಅಂತ ಅದಕ್ಕೆ ಹೆಸರು. 1554ರಲ್ಲಿ ಇವನು ಮೊದಲ ಪೂಜಾಸಂಗೀತದ ಪುಸ್ತಕವನ್ನು ಅಚ್ಚು ಹಾಕಿಸಿ ಅದೇ ಪೋಪರಿಗೆ ಅರ್ಪಿಸಿದ. 1555ರ ಜನವರಿಯಲ್ಲಿ ಇನ್ನೊಂದು ಮೆಟ್ಟಿಲು ಹತ್ತಿ ಸಿಸ್ಟೀನ್ ಚಾಪೆಲ್ಲಿಗೆ, ಅಂದರೆ ಪೋಪರ ಸ್ವಂತ ಗಾಯಕರ ಸಾಲಿಗೆ ಬಂದ. ಆ ಗಾಯಕರ ದಿನಚರಿಯಲ್ಲಿ ಇದನ್ನು ಮೂಗು ಮುರಿದೇ ಬರೆದಿದ್ದಾರೆ: ಪೋಪರ ಆಜ್ಞೆಯ ಮೇಲೆ ಬಂದ, ಪರೀಕ್ಷೆ ಇಲ್ಲ, ಗಾಯಕರ ಒಪ್ಪಿಗೆಯೂ ಇಲ್ಲ. ವಶೀಲಿಬಾಜಿ ಅಂತ ನಾವು ಕರೆಯುವುದು ಇದನ್ನೇ. ಅವನ ದನಿ ಅಲ್ಲಿದ್ದವರಿಗೆ ಹೋಲಿಸಿದರೆ ಅಂಥ ಚೆನ್ನಾಗೇನೂ ಇರಲಿಲ್ಲವಂತೆ. ಮೇಲಾಗಿ ಅಲ್ಲಿ ಹಾಡುವವರು ಬ್ರಹ್ಮಚಾರಿಗಳಾಗಿರಬೇಕು ಅಂತ ನಿಯಮ. ಇವನಿಗೆ ಹೆಂಡತಿ, ಮಕ್ಕಳು.

ಮಾರ್ಚಿನಲ್ಲಿ 3ನೇ ಜೂಲಿಯಸ್ ತೀರಿಕೊಂಡರು. ಏಪ್ರಿಲ್ 9ಕ್ಕೆ 2ನೇ ಮಾರ್ಸೆಲಸ್ ಬಂದರು. ಮೂರು ದಿನಕ್ಕೆ ಶುಭ ಶುಕ್ರವಾರ. ಪೂಜೆಯಲ್ಲಿ ಗಾಯಕರು ಎಂದಿನಂತೆ ಹಾಡಿದರು. ಹೊಸ ಪೋಪ್ ಅವರನ್ನು ಕರೆದು ಹೇಳಿದರು: ಇವತ್ತಿನ ದಿನಕ್ಕೆ ಇಂಥ ಹಾಡುಗಾರಿಕೆ ಒಪ್ಪುವುದಿಲ್ಲ, ಏನು ಹಾಡುತ್ತಿದ್ದೀರಿ ಅನ್ನುವ ಮಾತು ಕೇಳಿಸಬೇಕು. ಆ ಸಾಲಿನಲ್ಲಿ ಪಾಲೆಸ್ತ್ರೀನಾನೂ ನಿಂತಿದ್ದ. ಮೂರು ವಾರಕ್ಕೆ ಮಾರ್ಸೆಲಸರೂ ತೀರಿಕೊಂಡರು. ಮುಂದೆ ಬಂದವರು 4ನೇ ಪಾಲ್, ಬಿಗಿ ಮನುಷ್ಯ. ಅದೇ ವರ್ಷ ಮದುವೆಯಾದ ಮೂವರು ಗಾಯಕರನ್ನು ಪಟ್ಟಿಯಿಂದ ತೆಗೆದುಹಾಕಿದರು. ಅದರಲ್ಲಿ ಇವನೂ ಒಬ್ಬ. ಸಣ್ಣ ಪಿಂಚಣಿ ಕೊಟ್ಟು ಕಳಿಸಿದರು. ಒಂದೇ ವರ್ಷದಲ್ಲಿ ಮೂವರು ಪೋಪರು, ಒಂದು ಬಡ್ತಿ, ಒಂದು ವಜಾ. ಕೆಲಸದಿಂದ ತೆಗೆದ ಚರ್ಚೇ ಪಿಂಚಣಿ ಕೊಟ್ಟಿತು ಅನ್ನುವುದನ್ನು ಮಾತ್ರ ನಮ್ಮ ಖಜಾಂಚಿಗಳು ಗಮನಿಸಬೇಕು.

ಅಕ್ಟೋಬರಿನಲ್ಲಿ ಸಂತ ಯೊವಾನ್ನರ ಲ್ಯಾಟರನ್ ಮಹಾದೇವಾಲಯದಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಐದು ವರ್ಷ ಇದ್ದ. ಶುಭ ಶುಕ್ರವಾರಕ್ಕೆ ಅವನು ಬರೆದ ‘ನನ್ನ ಜನವೇ, ನಾನು ನಿನಗೇನು ಮಾಡಿದೆ’ ಅನ್ನುವ ಹಾಡು 1560ರ ಸುಮಾರಿನದು. ಹೆಚ್ಚು ಕಡಿಮೆ ಮಾತಾಡಿದ ಹಾಗೇ ಇರುವ ಹಾಡು. ಎಲ್ಲ ದನಿಗಳೂ ಒಟ್ಟಿಗೆ ನಡೆಯುತ್ತವೆ, ಒಂದು ಪದವೂ ಕಳೆದುಹೋಗುವುದಿಲ್ಲ. ಪೋಪ್ 4ನೇ ಪಯಸ್ ಅದರ ಪ್ರತಿ ತರಿಸಿಕೊಂಡರು. ಆಮೇಲೆ ಸಿಸ್ಟೀನ್ ಚಾಪೆಲ್ಲಿನಲ್ಲಿ ಅದು ಪ್ರತಿವರ್ಷದ ಹಾಡಾಯಿತು. ಹೆಂಡತಿ ಇದ್ದಾಳೆ ಅಂತ ಹೊರಗೆ ಹಾಕಿದ ಜಾಗಕ್ಕೆ ಅವನ ಹಾಡು ಮಾತ್ರ ಒಳಗೆ ಹೋಯಿತು.

ಇನ್ನು ನಾನು ಈ ಪತ್ರ ಬರೆಯಲು ನಿಜವಾದ ಕಾರಣವಾದ ಸಂಗತಿಗೆ ಬರುತ್ತೇನೆ.

ಲ್ಯಾಟರನ್‌ನಲ್ಲಿ ಹಾಡುವ ಹುಡುಗರ ಊಟ, ವಸತಿಯ ಜವಾಬ್ದಾರಿ ಕ್ವಾಯರ್ ಮಾಸ್ತರನದ್ದೇ. ಅದಕ್ಕೆ ಚರ್ಚಿನವರು ದುಡ್ಡು ಕೊಡಬೇಕು. ಆಡಳಿತ ನೋಡುತ್ತಿದ್ದ ಪಾದ್ರಿಗಳು ಖರ್ಚು ಬಿಗಿ ಮಾಡಿದರು. ಪಾಲೆಸ್ತ್ರೀನಾ ಹುಡುಗರ ಊಟದ ವಿಷಯಕ್ಕೆ ಜಗಳ ತೆಗೆದ. ಅವರು ಬಗ್ಗಲಿಲ್ಲ. 1560ರ ಜುಲೈನಲ್ಲಿ ಒಂದು ದಿನ, ಅದೇ ಹುಡುಗರ ಸಾಲಿನಲ್ಲಿ ಹಾಡುತ್ತಿದ್ದ ತನ್ನ ಮಗ ರೊದೋಲ್ಫೊನ ಕೈ ಹಿಡಿದುಕೊಂಡು ಎದ್ದು ಹೊರಟುಹೋದ. ಮುಂದಿನ ಕೆಲಸ ಕೈಯಲ್ಲಿರಲಿಲ್ಲ. ಸಾಂತಾ ಮರಿಯಾ ಮಜ್ಜೋರೆ ಕರೆದದ್ದು ಮರುವರ್ಷ.

ಕ್ಯಾಥೊಲಿಕ್ ಸಂಗೀತದ ದೊಡ್ಡ ಹೆಸರು ಹೀಗೆ ಮಕ್ಕಳ ಊಟದ ದುಡ್ಡಿಗಾಗಿ ಕೆಲಸ ಬಿಟ್ಟು ಹೋದದ್ದನ್ನು ಯಾವ ಅಂಚೆಚೀಟಿಯೂ ತೋರಿಸುವುದಿಲ್ಲ.

ನಮ್ಮ ಕ್ವಾಯರಿನಲ್ಲಿ ಹನ್ನೊಂದು ಮಕ್ಕಳಿದ್ದಾರೆ. ಶನಿವಾರ ಟ್ಯೂಷನ್ ಮುಗಿಸಿ ನೇರ ಪ್ರಾಕ್ಟೀಸಿಗೆ ಬರುತ್ತಾರೆ. ಹಸಿದ ಹೊಟ್ಟೆಯಲ್ಲಿ ಮೇಲಿನ ಸ್ವರ ಹಿಡಿಯಲು ಆಗುವುದಿಲ್ಲ, ಸ್ವರ ಇಳಿದುಬಿಡುತ್ತದೆ. ಹಾಡಿದವರಿಗೆ ಇದು ಗೊತ್ತು. ಹಾಗಾಗಿ ಮೇಷ್ಟ್ರು ಬರುವಾಗ ಬಸ್‌ಸ್ಟ್ಯಾಂಡ್ ಹತ್ತಿರ ಬನ್ನು, ಬಾಳೆಹಣ್ಣು ಕಟ್ಟಿಸಿಕೊಂಡು ಬರುತ್ತಾರೆ. ಅದು ಅವರ ಚೀಟಿಯಲ್ಲೂ ಇರಲಿಲ್ಲ.

ಈಗ ಪ್ರಸಿದ್ಧ ಕಥೆಗೆ ಬರೋಣ, ಯಾಕೆಂದರೆ ಭಾಷಣ ಮಾಡುವವರೆಲ್ಲ ಇದನ್ನೇ ಹೇಳುವುದು. ಆ ಕಾಲದಲ್ಲಿ ಕ್ಯಾಥೊಲಿಕ್ ಧರ್ಮಾಧ್ಯಕ್ಷರು ಸೇರಿದ್ದ ಟ್ರೆಂಟ್ ಮಹಾಸಭೆ ಚರ್ಚಿನಲ್ಲಿ ಹಲವು ದನಿಗಳ ಸಂಗೀತವನ್ನೇ ನಿಲ್ಲಿಸಲು ಹೊರಟಿತ್ತು, ಪಾಲೆಸ್ತ್ರೀನಾ ‘ಪೋಪ್ ಮಾರ್ಸೆಲಸರ ಪೂಜೆ’ ಬರೆದು ಕೇಳಿಸಿದ, ಕಾರ್ಡಿನಲ್‌ಗಳು ಕಣ್ಣೀರು ಹಾಕಿದರು, ಸಂಗೀತ ಉಳಿಯಿತು. ಒಳ್ಳೆ ಕಥೆ. ಜರ್ಮನಿಯ ಹಾನ್ಸ್ ಫಿಟ್ಸ್‌ನರ್ ಇದರ ಮೇಲೆ ಒಂದು ಇಡೀ ಆಪೆರಾವನ್ನೇ, ಅಂದರೆ ಹಾಡಿನಲ್ಲೇ ನಡೆಯುವ ನಾಟಕವನ್ನೇ ಬರೆದ, 1917ರಲ್ಲಿ ಅದು ರಂಗಕ್ಕೆ ಬಂತು. ಆದರೆ ನಡೆದದ್ದು ಇಷ್ಟು. 1562ರಲ್ಲಿ ಮಹಾಸಭೆ ‘ಚೆಲ್ಲಾಟದ, ಅಶುದ್ಧವಾದ’ ಸಂಗೀತ ಚರ್ಚಿನೊಳಗೆ ಬೇಡ ಅಂತ ಹೇಳಿತು. ಹಲವು ದನಿ ಬೇಡ ಅಂತ ಹೇಳಲಿಲ್ಲ. 1565ರಲ್ಲಿ ಕಾರ್ಡಿನಲ್ ವಿತೆಲ್ಲೋಜ್ಜೊ ವಿತೆಲ್ಲಿಯವರ ಮನೆಯಲ್ಲಿ ಪೋಪರ ಗಾಯಕರು ಕೆಲವು ಪೂಜಾಸಂಗೀತಗಳನ್ನು ಹಾಡಿ ತೋರಿಸಿದರು. ಪದಗಳು ಅರ್ಥವಾಗುತ್ತವೆಯೇ ಅನ್ನುವ ಪರೀಕ್ಷೆ. ಅವತ್ತು ಮಾರ್ಸೆಲಸರ ಪೂಜೆ ಹಾಡಿದರು ಅನ್ನುವುದಕ್ಕೆ ದಾಖಲೆ ಇಲ್ಲ. ಈ ಕಥೆ ಮೊದಲು ಕಾಣಿಸುವುದು 1607ರಲ್ಲಿ, ಅವನು ಸತ್ತು ಹದಿಮೂರು ವರ್ಷದ ಮೇಲೆ.

ಕಥೆ ಕಳಚಿದರೂ ಆ ಸಂಗೀತಕ್ಕೆ ಏನೂ ಕಮ್ಮಿಯಾಗುವುದಿಲ್ಲ. ಆರು ದನಿ. ಆರು ದನಿ ಒಂದರ ಮೇಲೊಂದು ಬಿದ್ದರೆ ಸಂತೆಯಾಗಬೇಕು. ಪೂಜೆಯ ಭಾಗಗಳಾದ ಗ್ಲೋರಿಯಾದಲ್ಲಿ (ಮಹಿಮೆಯ ಗೀತೆ), ಕ್ರೇದೊದಲ್ಲಿ (ವಿಶ್ವಾಸದ ಘೋಷಣೆ) ಮಾತು ಜಾಸ್ತಿ. ಅಲ್ಲಿ ಪಾಲೆಸ್ತ್ರೀನಾ ದನಿಗಳನ್ನು ಮೂರು ಮೂರಾಗಿ, ನಾಲ್ಕು ನಾಲ್ಕಾಗಿ ಗುಂಪು ಮಾಡುತ್ತಾನೆ. ಒಂದು ಗುಂಪು ಒಂದು ಸಾಲನ್ನು ಒಟ್ಟಿಗೆ ಹೇಳುತ್ತದೆ, ಇನ್ನೊಂದು ಗುಂಪು ಮುಂದಿನ ಸಾಲನ್ನು ಎತ್ತಿಕೊಳ್ಳುತ್ತದೆ. ಆರೂ ಸೇರುವುದು ಬೇಕಾದ ಕಡೆ ಮಾತ್ರ. ‘ಪ್ರಭುವೇ, ಕರುಣಿಸು’ ಅನ್ನುವ ಕೀರಿಯೆಯಲ್ಲಿ ಮಾತು ಕಡಿಮೆ, ಅಲ್ಲಿ ಒಂದರ ಹಿಂದೆ ಒಂದು ದನಿ ಬಿಟ್ಟು ಆಡಿಸುತ್ತಾನೆ. 1555ರ ಆ ಶುಕ್ರವಾರ ಕೇಳಿಸಿಕೊಂಡ ಬೈಗುಳಕ್ಕೆ ಹನ್ನೆರಡು ವರ್ಷದ ಮೇಲೆ, 1567ರಲ್ಲಿ ಅಚ್ಚಾದ ಉತ್ತರ ಇದು ಅಂತ ನನಗೆ ಅನ್ನಿಸುತ್ತದೆ.

ನಾವೂ ಒಮ್ಮೆ ಅವನ ‘ಸೀಕುತ್ ಚೆರ್ವುಸ್’ ಕಲಿಯಲು ಹೋದೆವು. ಜಿಂಕೆ ನೀರಿನ ತೊರೆಗೆ ಹಂಬಲಿಸುವ ಕೀರ್ತನೆ. ನಾಲ್ಕು ದನಿ. ನಾವು ಟೆನರ್‌ಗಳು, ಅಂದರೆ ಗಂಡಸರ ಮೇಲಿನ ದನಿಯವರು ಮೊದಲು ಶುರು ಮಾಡಬೇಕು, ಪಕ್ಕದಲ್ಲಿ ಯಾರೂ ಇಲ್ಲ, ಆರ್ಗನ್ ಇಲ್ಲ, ಬರೀ ದನಿ. ಆಮೇಲೆ ಆಲ್ಟೊ, ಆಮೇಲೆ ಎಲ್ಲಕ್ಕಿಂತ ಮೇಲಿನ ದನಿ ಸೊಪ್ರಾನೊ, ಕೊನೆಗೆ ಎಲ್ಲಕ್ಕಿಂತ ಕೆಳಗಿನ ಬಾಸ್. ನೋಡಲು ಸುಲಭ. ಅವನ ಸಾಲುಗಳಲ್ಲಿ ದನಿ ಮೇಲಕ್ಕೆ ಜಿಗಿದರೆ ಕೂಡಲೇ ಒಂದೊಂದೇ ಮೆಟ್ಟಿಲು ಇಳಿದು ಬರುತ್ತದೆ. ಕರ್ಕಶ ಸ್ವರ ಬಂದರೂ ಮೊದಲೇ ಹಿಡಿದುಕೊಂಡ ಸ್ವರದಿಂದ ಬರುತ್ತದೆ, ಮೆಲ್ಲಗೆ ಕೆಳಗಿಳಿದು ಬಿಡುಗಡೆಯಾಗುತ್ತದೆ. 1725ರಲ್ಲಿ ವಿಯೆನ್ನಾದ ಫುಕ್ಸ್ ಬರೆದ ಸಂಗೀತ ಪಾಠದ ಪುಸ್ತಕದಲ್ಲಿ ಗುರುವಿನ ಪಾತ್ರಕ್ಕೆ ಇವನನ್ನೇ ಇಟ್ಟ. ಆ ಪುಸ್ತಕ ಓದಿ ಹೇಡನ್, ಮೊಜಾರ್ಟ್, ಬೆಟೋವನ್ ಎಲ್ಲ ಕಲಿತರು. ಆದರೆ ಹಾಡಲು ನಿಂತಾಗ ಉಸಿರು ಎಲ್ಲಿ ಕದಿಯಬೇಕು ಅನ್ನುವುದೇ ದೊಡ್ಡ ಪ್ರಶ್ನೆ. ಸಾಲು ಮುಗಿಯುವುದೇ ಇಲ್ಲ. ಒಬ್ಬರು ಉಸಿರೆಳೆದುಕೊಳ್ಳುವಾಗ ಪಕ್ಕದವರು ಹಿಡಿದುಕೊಂಡಿರಬೇಕು. ಇಬ್ಬರೇ ಬಾಸ್‌ಗಳು, ಅದರಲ್ಲಿ ಒಬ್ಬರಿಗೆ ನೈಟ್ ಶಿಫ್ಟ್. ಐದು ಶನಿವಾರ ಕಳೆದವು. ಮೇಷ್ಟ್ರು ಒಂದೊಂದು ದನಿಯನ್ನೂ ಬೇರೆ ಬೇರೆ ಕೂರಿಸಿ, ತಾವೇ ಉಳಿದ ದನಿ ಹಾಡಿ ತೋರಿಸಿ ಕಲಿಸಿದರು. ಚರ್ಚಿನಲ್ಲಿ ಅದು ಮೂರು ನಿಮಿಷದಲ್ಲಿ ಮುಗಿಯಿತು. ಆ ಮೂರು ನಿಮಿಷದ ಹಿಂದೆ ಎಷ್ಟು ಗಂಟೆ ಕೂತಿದೆ ಅಂತ ಲೆಕ್ಕ ಹಾಕಿದವರು ಯಾರೂ ಇಲ್ಲ. ಶಾಮಿಯಾನದವನು ಮಾತ್ರ ಕಂಬಕ್ಕೆ ಇಷ್ಟು ಅಂತ ಲೆಕ್ಕ ಕೊಡುತ್ತಾನೆ, ನಾವು ಚೌಕಾಸಿ ಮಾಡಿಯಾದರೂ ಕೊಡುತ್ತೇವೆ.

ನಡುವೆ ಒಂದು ಮಾತು. ‘ಓ ಬೋನೆ ಯೇಸು’ ಅಂತ ಇನ್ನೊಂದು ಚಿಕ್ಕ ಹಾಡಿದೆ. ಹಳೆಯ ಪುಸ್ತಕಗಳಲ್ಲಿ ಪಾಲೆಸ್ತ್ರೀನಾ ಹೆಸರಲ್ಲೇ ಇರುತ್ತದೆ, ನಮ್ಮ ಜೆರಾಕ್ಸ್ ಪ್ರತಿಯಲ್ಲೂ ಹಾಗೇ ಇದೆ. ಅದು ಇಂಜೆನ್ಯೇರಿ ಅನ್ನುವವನದ್ದು. ದೊಡ್ಡವರ ಹೆಸರಿಗೆ ಜಮೆಯಾಗುವುದು ದುಡ್ಡು ಮಾತ್ರ ಅಲ್ಲ ನೋಡಿ.

ಮತ್ತೆ ದುಡ್ಡಿಗೆ. 1568ರ ಹೊತ್ತಿಗೆ ವಿಯೆನ್ನಾದಿಂದ ಚಕ್ರವರ್ತಿ 2ನೇ ಮ್ಯಾಕ್ಸಿಮಿಲಿಯನ್ ಕಡೆಯವರು ಇವನನ್ನು ಕೇಳಿದರು. ಇವನು ಹೇಳಿದ ಸಂಬಳ ಅವರಿಗೆ ಜಾಸ್ತಿ ಅನ್ನಿಸಿತು. ಬೇರೆಯವರನ್ನು ಇಟ್ಟುಕೊಂಡರು. 1583ರಲ್ಲಿ ಇಟಲಿಯದೇ ಆದ ಮಾಂತುವದ ಡ್ಯೂಕ್ ಗುಲ್ಯೆಲ್ಮೊ ಗೊಂಜಾಗಾ ಕರೆದ. ಅಲ್ಲೂ ಅದೇ ಕಥೆ. 1571ರಲ್ಲಿ ಅವನು ಕಾಪ್ಪೆಲ್ಲಾ ಜೂಲಿಯಾಕ್ಕೆ ಮರಳಿದ್ದ. ಸಾಂತಾ ಮರಿಯಾ ಮಜ್ಜೋರೆಯವರು ಅವನನ್ನು ವಾಪಸ್ ಸೆಳೆಯಲು ನೋಡಿದಾಗ ಸಂತ ಪೇತ್ರರ ದೇವಾಲಯದವರು ಸಂಬಳ ಏರಿಸಿ ಉಳಿಸಿಕೊಂಡರು. ತನ್ನ ಬೆಲೆ ತನಗೆ ಗೊತ್ತಿದ್ದ ಮನುಷ್ಯ. ಅದಕ್ಕಾಗಿ ಅವನ ಭಕ್ತಿ ಕಮ್ಮಿ ಅಂತ ಅಲ್ಲಿ ಯಾರೂ ನಗಲಿಲ್ಲ.

ಮಾಂತುವದ ಆ ಡ್ಯೂಕಿಗೂ ಸಂಗೀತ ಬರೆಯುವ ಹುಚ್ಚಿತ್ತು. 1570ರಲ್ಲಿ ತಾನು ಬರೆದದ್ದನ್ನು ಪಾಲೆಸ್ತ್ರೀನಾಗೆ ಕಳಿಸಿ ಅಭಿಪ್ರಾಯ ಕೇಳಿದ. ಇವನು ಮೊದಲು ಮನಸಾರೆ ಹೊಗಳಿದ. ಆಮೇಲೆ ಮೆಲ್ಲಗೆ, ದನಿಗಳ ಹೆಣಿಗೆ ಬಿಗಿಯಾಗಿರುವುದರಿಂದ ಕೇಳುವವರಿಗೆ ಪದ ಅಷ್ಟಾಗಿ ತಿಳಿಯುವುದಿಲ್ಲ ಅಂತ ಸೇರಿಸಿದ. ಫಾದರ್ ಬರೆದ ಹಾಡನ್ನು ತಿದ್ದಬೇಕಾಗಿ ಬಂದ ಯಾವ ಕ್ವಾಯರ್ ಮಾಸ್ತರನಿಗೂ ಈ ಪತ್ರದ ಬೆವರು ಅರ್ಥವಾಗುತ್ತದೆ.

1570ರ ದಶಕ ಅವನ ಪಾಲಿಗೆ ಕೆಟ್ಟದ್ದು. 1572ರಲ್ಲಿ ಹೊರಬಂದ ಅವನ ಒಂದು ಪುಸ್ತಕದಲ್ಲಿ ತನ್ನ ಹಾಡುಗಳ ಜೊತೆ ಮಕ್ಕಳಾದ ರೊದೋಲ್ಫೊ, ಆಂಜೆಲೊ, ತಮ್ಮ ಸಿಲ್ಲಾ ಬರೆದ ಹಾಡುಗಳನ್ನೂ ಸೇರಿಸಿದ್ದ. ಮನೆಯಲ್ಲಿ ಎಲ್ಲರೂ ಬರೆಯುತ್ತಾರೆ ಅನ್ನುವ ಅಪ್ಪನ ಹೆಮ್ಮೆ. ಅದೇ ವರ್ಷ ರೊದೋಲ್ಫೊ ಹೋದ. ಲ್ಯಾಟರನ್‌ನಿಂದ ಕೈಹಿಡಿದು ಕರೆದುಕೊಂಡು ಬಂದಿದ್ದನಲ್ಲ, ಅದೇ ಮಗ. ಹಿಂದೆಯೇ ತಮ್ಮ, 1575ರಲ್ಲಿ ಆಂಜೆಲೊ, 1580ರಲ್ಲಿ ಲುಕ್ರೇಜಿಯಾ. ರೋಮನ್ನು ಆಗ ಸಾಂಕ್ರಾಮಿಕ ರೋಗ ಹಿಂಡುತ್ತಿತ್ತು. ಪುಸ್ತಕದಲ್ಲಿ ಹಾಡು ಸೇರಿಸಿದ್ದ ಮೂವರಲ್ಲಿ ಒಬ್ಬರೂ ಉಳಿಯಲಿಲ್ಲ. ಗಂಡುಮಕ್ಕಳಲ್ಲಿ ಇಜೀನಿಯೊ ಒಬ್ಬ ಉಳಿದ.

ಇದರ ನಡುವೆ 1578ರಲ್ಲಿ ಇವನೇ ಮಲಗಿಬಿಟ್ಟ. ಡ್ಯೂಕಿಗೆ ಪೂಜಾಸಂಗೀತ ಬರೆದುಕೊಡಬೇಕಾಗಿತ್ತು. ರೋಮಿನಲ್ಲಿದ್ದ ಡ್ಯೂಕಿನ ಕಡೆಯವನು ಬರೆದ ಪತ್ರ ಉಳಿದಿದೆ. ಜಡ್ಡಿನಿಂದ ಎದ್ದ ಪಾಲೆಸ್ತ್ರೀನಾಗೆ ತಲೆಯೂ ಸ್ವಾಧೀನದಲ್ಲಿಲ್ಲ, ಕಣ್ಣೂ ಮಾತು ಕೇಳುತ್ತಿಲ್ಲ. ಆದರೂ ಲ್ಯೂಟ್ ತೆಗೆದುಕೊಂಡು ಕೀರಿಯೆ, ಗ್ಲೋರಿಯಾ ಕಟ್ಟಲು ಶುರು ಮಾಡಿದ್ದಾನೆ, ನುಡಿಸಿ ಕೇಳಿಸಿದ, ತುಂಬಾ ಇಂಪಾಗಿದೆ, ಸ್ವಲ್ಪ ಚೇತರಿಸಿಕೊಂಡ ಮೇಲೆ ದನಿಗಳಿಗೆ ಬಿಡಿಸಿ ಬರೆಯುತ್ತಾನಂತೆ. ನಾನು ಓದಿದ್ದರಲ್ಲೆಲ್ಲ ನನಗೆ ಅವನು ಕಣ್ಣಿಗೆ ಕಟ್ಟಿದ ಹಾಗೆ ಕಂಡದ್ದು ಇಲ್ಲೇ. ಮಂಚದ ಅಂಚಿನಲ್ಲಿ ಕೂತ ಐವತ್ತು ದಾಟಿದ ಮನುಷ್ಯ, ಮಡಿಲಲ್ಲಿ ತಂತಿವಾದ್ಯ, ಬರೆಯಲು ಕಣ್ಣು ಕೂಡುತ್ತಿಲ್ಲ, ಆದರೆ ಬರೆದುಕೊಡುತ್ತೇನೆ ಅಂತ ಒಪ್ಪಿಕೊಂಡ ಕೆಲಸ ಇದೆ.

ಹೆಂಡತಿ ಹೋದ ಮೇಲೆ ಪಾದ್ರಿಯಾಗಲು ಹೊರಟ. ತಲೆಕೂದಲು ತೆಗೆಸಿ ಮೊದಲ ವಿಧಿಯೂ ಆಯಿತು. ವರ್ಷ ತುಂಬುವ ಮೊದಲೇ ಮನಸ್ಸು ಬದಲಾಯಿಸಿ, 1581ರಲ್ಲಿ ವಿರ್ಜೀನಿಯಾ ದೋರ್ಮೊಲಿಯನ್ನು ಮದುವೆಯಾದ. ಆಕೆ ತುಪ್ಪಳದ ವ್ಯಾಪಾರಿಯ ವಿಧವೆ, ಅನುಕೂಲಸ್ಥೆ. ಪಾಲೆಸ್ತ್ರೀನಾ ತುಪ್ಪಳದ ವ್ಯಾಪಾರಕ್ಕೂ ಇಳಿದ, ರೋಮಿನಲ್ಲಿ ಮನೆಗಳನ್ನು ಕೊಂಡ. ಬಡತನದ ಸಂತ ಅಂತ ಹೇಳಿದರಲ್ಲ, ಈ ಭಾಗ ಅವರಿಗೆ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತದೆ. ಕೈಗೆ ದುಡ್ಡು ಬಂದ ಮೇಲೆ ಒಂದರ ಹಿಂದೆ ಒಂದು ಪುಸ್ತಕ ಅಚ್ಚಾದವು. ಹಾಡು ಬರೆಯುವುದು ಒಂದು, ಅದನ್ನು ಅಚ್ಚು ಹಾಕಿಸುವುದು ಇನ್ನೊಂದು. ಅಚ್ಚಿಗೆ ತುಪ್ಪಳದ ದುಡ್ಡೂ ಬೇಕಾಯಿತು.

ಅವನನ್ನೂ ತೀರಾ ಮೇಲಕ್ಕೆ ಏರಿಸುವುದು ಬೇಡ. 1584ರಲ್ಲಿ ಬೈಬಲ್ಲಿನ ಪರಮಗೀತೆಯ ಹಾಡುಗಳನ್ನು ಪೋಪ್ 13ನೇ ಗ್ರೆಗರಿಗೆ ಅರ್ಪಿಸುತ್ತಾ, ಹಿಂದೆ ಪ್ರೇಮದ ಪದ್ಯಗಳಿಗೆ ಸಂಗೀತ ಹಾಕಿದ್ದಕ್ಕೆ ನಾಚಿಕೆಯಾಗುತ್ತಿದೆ ಅಂತ ಬರೆದ. ಎರಡೇ ವರ್ಷಕ್ಕೆ ಲೌಕಿಕ ಹಾಡುಗಳ ಇನ್ನೊಂದು ಪುಸ್ತಕ ತಂದ. 1588ರಲ್ಲಿ ಪೋಪ್ 5ನೇ ಸಿಕ್ಸ್ಟಸ್ ಅವರಿಗೆ ಬೈಬಲ್ಲಿನ ಪ್ರಲಾಪಗಳಿಗೆ ಸಂಗೀತ ಹಾಕಿದ ಪುಸ್ತಕ ಅರ್ಪಿಸುವಾಗ ಮುನ್ನುಡಿಯಲ್ಲಿ ದುಡ್ಡಿನ ತಾಪತ್ರಯ ಹೇಳಿಕೊಂಡ. ಸಂಸಾರದ ಚಿಂತೆ ಕಲೆಗೆ ಶತ್ರು, ಬರೆದದ್ದು ಇನ್ನೂ ಎಷ್ಟೋ ಮನೆಯಲ್ಲಿ ಬಿದ್ದಿದೆ, ಚರ್ಚಿಗೆ ಬೇಕಾದ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಲು ಖರ್ಚು ಜಾಸ್ತಿ ಅಂತ. ಮನೆ ಬಾಡಿಗೆ ಬರುತ್ತಿದ್ದ ಕಾಲದಲ್ಲಿ ಬರೆದದ್ದು ಇದು! ಸ್ವಲ್ಪ ನಾಟಕ ಇದೆ, ಒಪ್ಪುತ್ತೇನೆ. ಆದರೆ ಒಂದು ನೋಡಿ. ಇಡೀ ಕ್ಯಾಥೊಲಿಕ್ ಸಭೆಯ ಮುಖ್ಯಸ್ಥರಿಗೆ ಬರೆದ ಪುಸ್ತಕದ ಮೊದಲ ಪುಟದಲ್ಲೇ ‘ದುಡ್ಡು ಸಾಲದು’ ಅಂತ ಹೇಳಲು ಅವನಿಗೆ ಮುಜುಗರವಾಗಲಿಲ್ಲ. ನಮ್ಮ ಮೇಷ್ಟ್ರಿಗೆ ಒಂದು ಚೀಟಿ ಓದಿ ಮುಗಿಸಲು ಆಗಲಿಲ್ಲ.

1594ರ ಫೆಬ್ರವರಿ 2ರಂದು, ಮೇಣದಬತ್ತಿ ಹಬ್ಬದ ದಿನ ಅವನು ತೀರಿಕೊಂಡ. ಕೊನೆಯ ಇಪ್ಪತ್ತಮೂರು ವರ್ಷ ಅವನು ಹಾಡಿಸಿದ್ದು ಇನ್ನೂ ಕಟ್ಟುತ್ತಿದ್ದ ದೇವಾಲಯದಲ್ಲಿ. ಮೈಕೆಲಾಂಜೆಲೊ ಬಿಟ್ಟುಹೋಗಿದ್ದ ಗುಮ್ಮಟ ಮೇಲೇರಿ ನಿಂತದ್ದು 1590ರಲ್ಲಿ. ಅಲ್ಲೇ ಮಣ್ಣು ಮಾಡಿದರು. ಶವಪೆಟ್ಟಿಗೆಯ ಮೇಲೆ ಸೀಸದ ಫಲಕದಲ್ಲಿ ‘ಸಂಗೀತದ ಅರಸು’ ಅಂತ ಲ್ಯಾಟಿನ್‌ನಲ್ಲಿ ಬರೆಸಿದ್ದರು. ಕಟ್ಟಡ ಮುಂದುವರಿಯುತ್ತಾ ಆ ಸಮಾಧಿ ಎಲ್ಲಿತ್ತೋ ಕಾಣದಾಯಿತು. ನೂರನ್ನು ದಾಟಿದ ಪೂಜಾಸಂಗೀತ, ಮುನ್ನೂರಕ್ಕೂ ಹೆಚ್ಚು ಕೀರ್ತನೆಗಳು ಉಳಿದವು.

1903ರಲ್ಲಿ ಪೋಪ್ 10ನೇ ಪಯಸ್ ಚರ್ಚಿನ ಸಂಗೀತ ಹೇಗಿರಬೇಕು ಅಂತ ಆದೇಶ ಹೊರಡಿಸಿದಾಗ ಪಾಲೆಸ್ತ್ರೀನಾ ಹೆಸರನ್ನೇ ಎತ್ತಿ ಹೇಳಿದರು. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ನಮ್ಮ ನಮ್ಮ ಭಾಷೆಯಲ್ಲಿ ಪೂಜೆಗೆ ಬಾಗಿಲು ತೆರೆದ ಅದೇ ದಾಖಲೆಯಲ್ಲಿ, ಸಭೆಯ ಸಂಗೀತ ಪರಂಪರೆಯನ್ನು ಬೆಲೆಕಟ್ಟಲಾಗದ ಭಂಡಾರ ಅಂತ ಕರೆಯಿತು. ಕ್ವಾಯರ್‌ಗಳನ್ನು ಬೆಳೆಸಿ ಅಂತಲೂ ಹೇಳಿತು. ಕಷ್ಟ ಏನೆಂದರೆ, ‘ಬೆಲೆಕಟ್ಟಲಾಗದ’ ಅನ್ನುವ ಪದವನ್ನು ನಮ್ಮ ಖಜಾಂಚಿಗಳು ಅಕ್ಷರಶಃ ತೆಗೆದುಕೊಂಡುಬಿಟ್ಟಿದ್ದಾರೆ.

ಸ್ವಂತ ಖುಷಿಗೆ, ಹರಕೆಗೆ, ಭಕ್ತಿಗೆ ಹಾಡುವವರು ಬೇರೆ. ನಾನೂ ಹಾಗೇ ಹಾಡುವವನು, ನನಗೆ ಒಂದು ರೂಪಾಯಿಯೂ ಬೇಡ. ಬಡ ಧರ್ಮಕೇಂದ್ರಗಳ ಕಷ್ಟವೂ ಗೊತ್ತು. ಹಳ್ಳಿಯ ಚರ್ಚಿನಲ್ಲಿ ಫಾದರ್ ತಾವೇ ಹಾರ್ಮೋನಿಯಂ ಹಿಡಿದು ಕೂರುವುದನ್ನು ನೋಡಿದ್ದೇನೆ. ಅವರಿಗೆ ಈ ಪತ್ರ ಅಲ್ಲ. ಗೋಪುರಕ್ಕೆ ಎಲ್‌ಇಡಿ ಹಾಕಿಸಲು ದುಡ್ಡು ಸಿಗುವ ಕಡೆ, ಕಲಿಸಲು ಬರುವ ಒಬ್ಬ ಮನುಷ್ಯನಿಗೆ ಯಾಕೆ ಸಿಗುವುದಿಲ್ಲ ಅನ್ನುವುದಷ್ಟೇ ನನ್ನ ಪ್ರಶ್ನೆ. ಕ್ವಾಯರ್ ಕಲಿಸುವವರಿಗೆ ತಿಂಗಳಿಗೆ ಇಷ್ಟು ಅಂತ ಬಜ್ಜೆಟ್ಟಿನಲ್ಲಿ ಒಂದು ಸಾಲು ಬರೆಯಿರಿ. ‘ಇತರೆ’ ಅನ್ನುವುದರ ಕೆಳಗೆ ಬೇಡ, ಹೆಸರು ಹಾಕಿಯೇ ಬರೆಯಿರಿ. ಪ್ರಾಕ್ಟೀಸಿಗೆ ಬರುವ ಮಕ್ಕಳಿಗೆ ತಿನ್ನಲು ಏನಾದರೂ ಕೊಡಿ. ಮೊತ್ತ ಎಷ್ಟು ಅನ್ನುವುದನ್ನು ನೀವೇ ಕೂತು ಮಾತಾಡಿ, ಚೌಕಾಸಿಯನ್ನೂ ಮಾಡಿ. ಪಾಲೆಸ್ತ್ರೀನಾ ಜೊತೆಗೂ ಮಾಡಿದ್ದರು, ತಪ್ಪಿಲ್ಲ. ಕೇಳಿದಾಗ ನಗಬೇಡಿ, ಅಷ್ಟೆ.

ನಮ್ಮ ಹಾರ್ಮೋನಿಯಂನ ತಿದಿ ಮಳೆಗಾಲದಲ್ಲಿ ಹರಿದದ್ದು ಹಾಗೇ ಇದೆ. ಮೇಷ್ಟ್ರು ಬ್ಯಾಂಡೇಜಿನ ಪ್ಲಾಸ್ಟರ್ ಅಂಟಿಸಿಕೊಂಡು ನಡೆಸುತ್ತಿದ್ದಾರೆ. ಜೋರಾಗಿ ಒತ್ತಿದರೆ ಪ್ಲಾಸ್ಟರ್ ಎದ್ದು ಉಸ್ ಅಂತ ಗಾಳಿ ಹೋಗುತ್ತದೆ, ಮಕ್ಕಳು ನಗುತ್ತಾರೆ. ರಿಪೇರಿಗೆ ಎಷ್ಟಾಗುತ್ತದೆ ಅಂತ ಆ ಚೀಟಿಯಲ್ಲಿ ಬರೆದಿದೆ. ಚೀಟಿ ಇನ್ನೂ ಹಾಡಿನ ಪುಸ್ತಕದಲ್ಲೇ ಇದೆ, ಈಸ್ಟರ್ ಹಾಡುಗಳ ಪುಟದಲ್ಲಿ. ಮುಂದಿನ ಸಭೆಗೆ ನಾನೇ ತರುತ್ತೇನೆ.

ಇಂತಿ ನಿಮ್ಮವ,
ಟೆನರ್ ಸಾಲಿನ ಕೊನೆಯ ಕುರ್ಚಿಯವನು